ವಾಸನೆಯಿಲ್ಲದ ಮದ್ದು

ಹತ್ತಿ ಹೊಲಕ್ಕೆ ಕುರಿ ಬಿಡುವ ಮುಂಚೆ ಅಪ್ಪ ಅಲ್ಲೊಂದು ಇಲ್ಲೊಂದು ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಹುಳುವಿಗೆ ಹೊಡೆದ ಮದ್ದಿನ ಘಾಟು ಒಂಚೂರು ಸುಳಿದರೂ ಕುರಿಗಳನ್ನು ಬದುವಿನಾಚೆಗೇ ಹೊಡೆದುಕೊಂಡು ಹೋಗುತ್ತಿದ್ದ. ಹಿರಿಯೂರು ಕಡೆಯ ನಮ್ಮೂರಲ್ಲಿ ಕುರಿ ಸಾಕುವವರೆಲ್ಲ ಮಾಡುವುದು ಹೀಗೆಯೇ. ಮದ್ದು ಹೊಡೆದು ಸಾಕಷ್ಟು ದಿನ ಆಗಿರಬೇಕು, ಮೇಲೊಂದು ಮಳೆ ಬಿದ್ದಿರಬೇಕು, ಹೊಸಕಿದ ಎಲೆಗೆ ಎಲೆಯದೇ ವಾಸನೆ ಇರಬೇಕು. ಅಪ್ಪನ ಮೂಗನ್ನು ಊರೇ ನಂಬಿತ್ತು. ಬೇರೆ ಮಂದೆಯವರೂ ಅವನನ್ನು ಕರೆದೊಯ್ದು ಎಲೆ ಮೂಸಿಸುತ್ತಿದ್ದರು. "ಸಾರಿಗೆ ಉಪ್ಪು ಹಾಕದಿದ್ರೂ ಇವರಿಗೆ ತಿಳಿಯಲ್ಲ, ಊರೋರ ಹೊಲದಾಗಿನ ವಿಷ ಮಾತ್ರ ತಿಳಿತತೆ" ಎಂದು ಅವ್ವ ಛೇಡಿಸುತ್ತಿದ್ದಳು.

ನಾನು ಸಿರಿಗೆರೆಯಲ್ಲಿ ಮನೆ ಮಾಡಿಕೊಂಡು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಹೋದ ವರ್ಷ ರಜೆಗೆ ಊರಿಗೆ ಬಂದಾಗ ಪಕ್ಕದ ಹೊಲದವನ ಹತ್ತಿ ಬಿಡಿಸಿ ಮುಗಿದಿತ್ತು. ಅವನು ಅಪ್ಪನ ಹಳೆಯ ಸ್ನೇಹಿತ. ಪ್ರತಿ ವರ್ಷ ಹತ್ತಿ ಮುಗಿದ ಮೇಲೆ ನಮ್ಮ ಕುರಿಗಳು ಅವನ ಹೊಲದಲ್ಲಿ ಎಲೆ ಮೇದು, ರಾತ್ರಿ ಅಲ್ಲೇ ನಿಲ್ಲುತ್ತಿದ್ದವು. ಎಲೆ ನಮಗೆ, ಗೊಬ್ಬರ ಅವನಿಗೆ.

"ಏನಪ್ಪ, ಮದ್ದು ಯಾವಾಗ ಹೊಡ್ದಿದ್ದಿ?" ಎಂದು ಅಪ್ಪ ಕೇಳಿದ.

"ಬಾಳ ದಿನ ಆತು ಬಿಡಣ್ಣ. ಆಮ್ಯಾಲೆ ಚೆನ್ನಾಗಿ ಮಳೆನೂ ಬಂತು" ಎಂದ ಅವನು.

ಅಪ್ಪ ಎಲೆ ಮೂಸಿದ. ಎಂದಿಗಿಂತ ಹೆಚ್ಚು ಹೊತ್ತೇ ಮೂಸಿದ. "ಹಸನಾಗೈತೆ" ಎಂದು ಕುರಿಗಳನ್ನು ಒಳಗೆ ಬಿಟ್ಟ. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಇಬ್ಬರೂ ಸುಳ್ಳು ಹೇಳಲಿಲ್ಲ, ಇಬ್ಬರೂ ಉದಾಸೀನ ಮಾಡಲಿಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಮರುದಿನ ಬೆಳಗ್ಗೆ ನಾನೂ ಅವ್ವನೂ ಬುತ್ತಿ ತೆಗೆದುಕೊಂಡು ಹೋದಾಗ ಕುರಿಗಳು ಹೊಲದ ತುಂಬ ಬಿದ್ದಿದ್ದವು. ಕೆಲವು ಜೊಲ್ಲು ಸುರಿಸುತ್ತ ಕಾಲು ಬಡಿಯುತ್ತಿದ್ದವು, ಕೆಲವು ಆಗಲೇ ಸೆಟೆದಿದ್ದವು. ರಾತ್ರಿ ಅಲ್ಲೇ ಕಾವಲಿದ್ದ ಅಪ್ಪ ಒಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಹಿರಿಯೂರಿನಿಂದ ದನದ ಡಾಕ್ಟರು ಬಂದು ಒಂದೊಂದಕ್ಕೇ ಸೂಜಿ ಚುಚ್ಚುತ್ತ ಹೋದರು. ಯಾವ ಮದ್ದು ಹೊಡೆದಿದ್ದೆಂದು ಹೊಲದವನನ್ನು ಕೇಳಿದರು.

"ಹೊಸಾದು ಸಾರ್, ನ್ಯಾನೋ ಅಂತಾರೆ. ಒಂದ್ಸಲ ಹೊಡದ್ರೆ ಬೆಳೆ ಮುಗಿಯಗಂಟ ಕೆಲ್ಸ ಮಾಡ್ತತೆ. ಮಳಿಗೆ ತೊಳಿಯಲ್ಲ. ವಾಸನೇನೂ ಇಲ್ಲ, ಹೊಡದೋರಿಗೆ ತಲೆನೋವೂ ಬರಲ್ಲ..." ಹೇಳುತ್ತ ಹೇಳುತ್ತ ಅವನಿಗೇ ಅರ್ಥವಾಯಿತು.

ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ವಿಷ ಮುಚ್ಚಿಟ್ಟಿರುತ್ತಾರೆ. ಎಲೆಗೆ ಕಚ್ಚಿಕೊಂಡ ಆ ಗುಳಿಗೆಗಳು ದಿನಕ್ಕಿಷ್ಟು ಎಂದು ವಿಷ ಬಿಡುತ್ತವೆ, ಹುಳುವಿಗೆ ಅಷ್ಟು ಸಾಕು. ಪದೇ ಪದೇ ಹೊಡೆಯುವುದು ತಪ್ಪುತ್ತದೆ, ನೀರು ಕೆಡುವುದು ಕಡಿಮೆಯಾಗುತ್ತದೆ. ಅದನ್ನೆಲ್ಲ ನಾನು ಓದಿ ಮೆಚ್ಚಿಕೊಂಡೂ ಇದ್ದೆ. ಆದರೆ ಕುರಿ ಹೊಟ್ಟೆ ತುಂಬ ಎಲೆ ತಿಂದು ನುಣ್ಣಗೆ ಮೆಲುಕು ಹಾಕುವ ಪ್ರಾಣಿ. ಒಡೆಯದೆ ಉಳಿದಿದ್ದ ಗುಳಿಗೆಗಳೆಲ್ಲ ಒಟ್ಟಿಗೇ ಹೊಟ್ಟೆಯಲ್ಲಿ ಒಡೆದಿರಬೇಕು ಎಂದರು ಡಾಕ್ಟರು.

ಮದ್ದು ಮಾರಿದವನಿಗೆ ನಾನೇ ಫೋನ್ ಮಾಡಿದೆ. ದನಿ ತುಂಬ ಮರ್ಯಾದೆಯದು. "ಹತ್ತಿಗೆ ಏನೂ ತೊಂದರೆ ಆಗಿಲ್ಲವಲ್ಲ ಮೇಡಂ?" ಎಂದು ಕೇಳಿದ. ಕುರಿ ಸತ್ತಿವೆ ಎಂದೆ. "ಕುರಿ ಮೇಯಿಸ್ತಾರೆ ಅಂತ ನಮಗೆ ಗೊತ್ತಿರಲಿಲ್ಲ, ಮೇಡಂ. ಇದು ಹತ್ತಿಗೆ ಮಾತ್ರ." ಹತ್ತಿ ಬೆಳೆಯುವ ಸೀಮೆಗೆ ಹತ್ತಿಯ ಮದ್ದು ಮಾರಲು ಬಂದವನಿಗೆ, ಕೊನೆಯಲ್ಲಿ ಆ ಹೊಲದಲ್ಲಿ ಏನಾಗುತ್ತದೆಂದು ತಿಳಿದಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಸಾರಿ ಎಂದ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಮಂದೆ ಮುಗಿದಿತ್ತು. ಅಗ್ಗಕ್ಕೆ ಕೊಡುತ್ತೀರಾ ಎಂದು ಕೇಳಿಕೊಂಡು ಬಂದ ಮಾಂಸದವನನ್ನು ಅಪ್ಪ ದೂರದಿಂದಲೇ ಕೈಯಲ್ಲಾಡಿಸಿ ಕಳಿಸಿದ. ಹೊಲದವನೇ ಜೆಸಿಬಿ ತರಿಸಿ ಗುಂಡಿ ತೋಡಿಸಿದ. ಉಳಿದವನ್ನು ನಡೆಸಿಕೊಂಡು, ನಡೆಯಲಾರದವನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಸಂಜೆ ಮನೆಗೆ ತಂದೆವು. ಡಾಕ್ಟರೂ ಜೊತೆಗೆ ಬಂದರು.

ಮನೆಯ ಹಿಂದಿನ ರೊಪ್ಪದಲ್ಲಿ, ಮುಳ್ಳುಬೇಲಿಯೊಳಗೆ, ಮರಿಗಳಿದ್ದವು. ಹಾಲು ಕುಡಿಯುವ ಮರಿಗಳನ್ನು ಹೊಲಕ್ಕೆ ಒಯ್ಯುವುದಿಲ್ಲ. ಅವುಗಳಿಗೆ ಹಾಲೂಡಿಸಲು ತಾಯಿಕುರಿಗಳು ಹೊಲದಿಂದ ಮನೆಗೆ ಬಂದು ಹೋಗುತ್ತವೆ. ಆ ದಿನ ಬೆಳಗಿನಿಂದ ಬಂದಿರಲಿಲ್ಲ. ಕುರಿಗಳ ಸದ್ದು ಕೇಳಿದ್ದೇ ತಡ, ಮರಿಗಳೆಲ್ಲ ಬಾಗಿಲಿಗೆ ನುಗ್ಗಿ ಕೂಗತೊಡಗಿದವು. ಬದುಕಿ ಬಂದ ಕುರಿಗಳೂ ಓಗೊಟ್ಟವು. ಅಪ್ಪ ಬಾಗಿಲು ತೆಗೆಯಲು ಹೋದ.

"ಬ್ಯಾಡ ಯಜಮಾನ್ರೇ" ಎಂದು ಡಾಕ್ಟರು ಅವನ ತೋಳು ಹಿಡಿದರು. "ಹಾಲಿನಾಗೂ ವಿಷ ಬಂದಿರಬಹುದು. ಕುಡಿಸಬ್ಯಾಡ್ರಿ."

"ಎಷ್ಟು ದಿನ?" ಎಂದ ಅಪ್ಪ.

"ಹಳೇ ಮದ್ದಾಗಿದ್ರೆ ಹೇಳ್ತಿದ್ದೆ. ಇದು ಇನ್ನೂ ಒಳಗೆ ಎಷ್ಟು ಐತೋ, ಯಾವಾಗ ಮುಗಿತತೋ, ನನಗೂ ಗೊತ್ತಿಲ್ಲ."

ಅವ್ವ ಹಸುವಿನ ಹಾಲು ಕಾಯಿಸಿ ಬಾಟಲಿಗೆ ಹಾಕಿದಳು. ಮರಿಗಳು ಬಾಯಿ ಬಿಗಿಹಿಡಿದು ಮುಖ ತಿರುಗಿಸಿದವು. ಬೇಲಿಯ ಆಚೆ ತಾಯಂದಿರ ಕೆಚ್ಚಲು ಬಿಗಿದು ನಿಂತಿತ್ತು. ಅಪ್ಪ ಒಂದೊಂದನ್ನೇ ಹಿಡಿದು ನಿಲ್ಲಿಸಿ, ಮರಿಗಳು ನೋಡುತ್ತ ಅರಚುತ್ತಿರುವಾಗಲೇ, ಆ ಹಾಲನ್ನು ನೆಲಕ್ಕೆ ಹಿಂಡತೊಡಗಿದ. ನಾಯಿ ನೆಕ್ಕದಿರಲಿ ಎಂದು ನಾನು ಹಿಂದೆಯೇ ಹೋಗಿ ಅದರ ಮೇಲೆ ಮಣ್ಣು ಎಳೆದೆ.