ಅಣ್ಣನ ಮೇಲಿನ ಸಿಟ್ಟಿಗೆ ಕೊಂಡ ರೈಫಲ್

ಅಪ್ಪನ ತಿಥಿಯ ದಿನ, ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ, ಅಪ್ಪನ ರೈಫಲ್ ನನ್ನ ಹೆಸರಿಗೆ ಆಗಲಿ ಎಂದು ನಾನು ಕೇಳಿದೆ. ಅಣ್ಣ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಮಗುವಿಗೆ ಹೇಳುವ ದನಿಯಲ್ಲಿ, "ಒಳಗೋಗಿ ಎಲೆ ಒರೆಸಮ್ಮ, ಜನ ಹಸ್ಕೊಂಡಿದಾರೆ," ಎಂದ. ಚಿಕ್ಕಪ್ಪಂದಿರು ನಕ್ಕರು. ನಾನು ಒಳಗೆ ಹೋಗಿ ಎಲೆ ಒರೆಸಿದೆ.

ನಮ್ಮ ಮನೆ ಆಗ ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿತ್ತು. ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಕೆ.ಆರ್. ಪುರದಾಚೆ ಊರಲ್ಲಿ ನಮಗೆ ಸ್ವಲ್ಪ ಹೊಲವಿತ್ತು. ಕಡಲೆಕಾಯಿ ಹಾಕಿದರೆ ಹಂದಿ ಬರುತ್ತಿದ್ದವು. ಪೈರು ಕಾಯಲೆಂದು ತಾತನ ಕಾಲದಿಂದ ಲೈಸೆನ್ಸ್ ಇದ್ದ ರೈಫಲ್ ಅದು. ತಾತ ಅದರಲ್ಲಿ ಶಿಕಾರಿ ಮಾಡಿದ್ದರು. ಅಪ್ಪನ ಕಾಲಕ್ಕೆ ಶಿಕಾರಿ ನಿಂತು ಹೋಗಿತ್ತು. ಗಾಳಿಗೆ ಗುಂಡು ಹಾರಿಸಿ ಹಂದಿ ಓಡಿಸುವುದಷ್ಟೇ. ಆದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ನಮ್ಮಿಬ್ಬರನ್ನೂ ಕರೆದೊಯ್ದು, ಏರಿಯ ಮಣ್ಣಿಗೆ ಒಡೆದ ಮಡಕೆ ಒರಗಿಸಿ ಗುರಿ ಕಲಿಸುತ್ತಿದ್ದರು. ಅಣ್ಣನ ಗುಂಡು ಮಣ್ಣಿಗೆ ಹೋಗುತ್ತಿತ್ತು. ನನ್ನದು ಮಡಕೆಗೆ. ಅದು ಅಣ್ಣನಿಗೂ ಗೊತ್ತಿತ್ತು. ಅದಕ್ಕೇ ಎಲೆ ಒರೆಸಲು ಕಳಿಸಿದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ನನ್ನದೇನೂ ತಕರಾರಿಲ್ಲ ಎಂದು ನನ್ನಿಂದ ಸಹಿ ಹಾಕಿಸಿಕೊಂಡು ಅಣ್ಣ ರೈಫಲ್ ತನ್ನ ಹೆಸರಿಗೆ ಮಾಡಿಕೊಂಡ. ಎರಡು ವರ್ಷ ಇಟ್ಟುಕೊಂಡು, ಹಳೇ ಕಬ್ಬಿಣ ಎಂದು ಮಾರಿಬಿಟ್ಟ. ಮಾರಿದ ಮೇಲೆ ನನಗೆ ತಿಳಿಯಿತು. ಅಷ್ಟರಲ್ಲಿ ಅವನು ಹೊಸಕೋಟೆಯಾಚೆಯ ಒಂದು ಖಾಸಗಿ ರೈಫಲ್ ಕ್ಲಬ್ಬಿಗೆ ಸೇರಿ, ಥರ್ಟಿ ಆಟ್ ಸಿಕ್ಸ್ ಎಂಬ ದೊಡ್ಡ ತೋಟಾದ ವಿದೇಶಿ ರೈಫಲ್ ಕೊಂಡು, ಮೇಲೆ ದುರ್ಬೀನಿನಂಥ ಸ್ಕೋಪು ಕೂರಿಸಿಕೊಂಡು ದೊಡ್ಡ ಗುರಿಕಾರನಾಗಿದ್ದ.

ನನ್ನ ಮಗಳು ಕಾಲೇಜಿನಲ್ಲಿ ಗಾಳಿ ರೈಫಲ್ ಹಿಡಿದಾಗ ನಾನು ಒಂದು ಮಾತೂ ಆಡಲಿಲ್ಲ. ಅವಳು ಪಾಯಿಂಟ್ ಟ್ವೆಂಟಿಟೂ ಎಂಬ ಸಣ್ಣ ತೋಟಾದ ರೈಫಲ್ಲಿಗೆ ಹೋದಾಗಲೂ ಸುಮ್ಮನಿದ್ದೆ. ಒಳಗೊಳಗೇ ಕಾಯುತ್ತಿದ್ದೆ. ಮಾರತ್ತಹಳ್ಳಿಯ ಛತ್ರವೊಂದರಲ್ಲಿ ನೆಂಟರ ಮದುವೆ ಊಟಕ್ಕೆ ಕೂತಾಗ ಅಣ್ಣನೇ ಅವಳನ್ನು ಕೆಣಕಿದ. "ಅದೆಲ್ಲ ಆಟದ ಸಾಮಾನು ಪುಟ್ಟಿ. ದೊಡ್ಡ ತೋಟಾ ಹಾಕಿ ಒಂದು ಗುಂಡು ಹೊಡೆದ್ರೆ ಭುಜ ಕಳಚಿ ಕೈಗೆ ಬರುತ್ತೆ. ನಿಮ್ಮಮ್ಮನ್ನ ಕೇಳು, ಅವ್ಳಿಗೂ ಒಂದ್ ಕಾಲದಲ್ಲಿ ಆಸೆ ಇತ್ತು."

ಪಂಕ್ತಿಯಲ್ಲಿ ಮತ್ತೆ ಅದೇ ನಗು. ಮಗಳಿಗೆ ಆಗ ಇಪ್ಪತ್ತೆರಡು ತುಂಬಿತ್ತು. ಮರುದಿನವೇ ಅವಳ ಹೆಸರಿನಲ್ಲಿ ದೊಡ್ಡ ರೈಫಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಿಸಿದೆ. ಪೊಲೀಸರು ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ಬಂದು ವಿಚಾರಿಸಿ ಹೋದರು. ಓಡಾಟದಲ್ಲೇ ಒಂದು ವರ್ಷದ ಮೇಲಾಯಿತು. ನನಗೆ ಆಯಾಸವಾಗಲಿಲ್ಲ. ಸಿಟ್ಟು ಇದ್ದವರಿಗೆ ಸರ್ಕಾರಿ ಕಚೇರಿಯ ಬೆಂಚೂ ಮೆತ್ತಗಿರುತ್ತದೆ.

ಲೈಸೆನ್ಸ್ ಬಂದ ವಾರವೇ ಶಿವಾಜಿನಗರದ ಕೋವಿ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ಗಡ್ಡಕ್ಕೆ ಮೆಹೆಂದಿ ಹಚ್ಚಿದ ಹಿರಿಯರು. "ಯಾವುದು ತೋರಿಸ್ಲಿ?" ಎಂದರು.

"ಥರ್ಟಿ ಆಟ್ ಸಿಕ್ಸ್," ಎಂದೆ. ಅಣ್ಣನ ಹತ್ತಿರ ಇದ್ದದ್ದು ಅದು. ಅದಕ್ಕಿಂತ ಒಂದು ಕೂದಲೆಳೆ ಕಡಿಮೆಯದ್ದೂ ನನಗೆ ಬೇಡವಾಗಿತ್ತು.

ಮಗಳು ಗಿಡ್ಡ, ತೋಳು ಸಣ್ಣ. ರೈಫಲ್ ಎತ್ತಿ ಭುಜಕ್ಕೆ ಇಟ್ಟಳು. ಕತ್ತು ಮುಂದಕ್ಕೆ ಚಾಚಿದರೂ ಕೆನ್ನೆ ಹಿಂಬದಿಯ ಮರಕ್ಕೆ ಸರಿಯಾಗಿ ಕೂರಲಿಲ್ಲ, ನಳಿಗೆ ಮೆಲ್ಲಗೆ ನೆಲದ ಕಡೆ ಜಾರಿತು.

"ಬೇಟಿಗೆ ಭಾರಿ ಆಗ್ತೈತೆ ಮೇಡಂ," ಎಂದರು ಯಜಮಾನರು.

"ಅಭ್ಯಾಸ ಆಗುತ್ತೆ."

ಮಗಳು ರೈಫಲನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದಳು. "ಅಮ್ಮಾ, ಇದು ನನಗಾ ನಿನಗಾ?"

ನಾನು ಯಜಮಾನರ ಕಡೆ ತಿರುಗಿದೆ. ಆಮೇಲೆ ಬರುತ್ತೇವೆ ಎಂದು ಹೇಳಿ ಹೊರಬಂದೆವು. ರಸೆಲ್ ಮಾರ್ಕೆಟ್ಟಿನ ಮುಂದೆ ನಿಂತು ಚಹಾ ಕುಡಿದೆವು.

ಸುದ್ದಿ ಹೇಗೋ ಅಣ್ಣನಿಗೆ ಮುಟ್ಟಿತು. ಫೋನ್ ಮಾಡಿದ. "ಕೊಳ್ಳೋಕ್ ಮುಂಚೆ ನನ್ದೇ ಹೊಡ್ದು ನೋಡ್ಲಿ. ಭಾನುವಾರ ಕ್ಲಬ್ಬಿಗೆ ಕರ್ಕೊಂಡ್ ಬಾ." ಅವನ ದನಿಯಲ್ಲಿ ಸಕ್ಕರೆ ಇತ್ತು, ನನಗೆ ಅನುಮಾನ ಬರಬೇಕಿತ್ತು. ಆದರೆ ಅವನ ಎದುರಿಗೇ, ಅವನ ರೈಫಲ್ಲಿನಲ್ಲೇ ಮಗಳು ಹೊಡೆದು ತೋರಿಸಲಿ ಎಂಬ ಆಸೆ ಅನುಮಾನಕ್ಕಿಂತ ದೊಡ್ಡದಿತ್ತು.

ಅಲ್ಲಿ ಅವನ ನಾಲ್ಕೈದು ಜನ ಗೆಳೆಯರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗಳನ್ನು ಮೇಜಿನ ಮುಂದೆ ಕೂರಿಸಿ ಅಣ್ಣ ರೈಫಲ್ ಕೊಟ್ಟ. ನಾನು ನೋಡುವವರ ಗೆರೆಯ ಹಿಂದೆ ನಿಂತಿದ್ದೆ. ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ. ಸ್ಕೋಪಿನಿಂದ ಕಣ್ಣು ನಾಲ್ಕು ಬೆರಳಾದರೂ ಹಿಂದಿರಬೇಕು, ಇಲ್ಲದಿದ್ದರೆ ಗುಂಡು ಹಾರಿದಾಗಿನ ಒದೆಗೆ ಸ್ಕೋಪೇ ಬಂದು ಹುಬ್ಬಿಗೆ ಬಡಿಯುತ್ತದೆ. ಅವನ ರೈಫಲ್ ಅವನ ಉದ್ದ ಕತ್ತಿಗೆ ಹೊಂದಿಸಿದ್ದು. ಆಮೇಲೆ ಮಗಳು ಹೇಳಿದ್ದು, ನೋಟಕ್ಕಾಗಿ ಅವಳು ಮುಂದೆ ಮುಂದೆ ಸರಿದಿದ್ದಾಳೆ. ಪಕ್ಕದಲ್ಲೇ ನಿಂತಿದ್ದ ಅಣ್ಣ ಅದನ್ನು ನೋಡಿದ್ದಾನೆ, ಏನೂ ಹೇಳಿಲ್ಲ.

ಗುಂಡು ಹಾರಿತು. ಮಗಳ ತಲೆ ಹಿಂದಕ್ಕೆ ಬಡಿದಂತಾಯಿತು. ತಿರುಗಿದಾಗ ಹುಬ್ಬಿನ ಮೇಲೆ ಸ್ಕೋಪಿನ ಅಂಚು ಕೊಯ್ದ ಗಾಯ, ರಕ್ತ ರೆಪ್ಪೆಗೆ ಇಳಿಯುತ್ತಿತ್ತು.

"ನಾನ್ ಹೇಳಿರ್ಲಿಲ್ವಾ?" ಎಂದು ಅಣ್ಣ ಗೆಳೆಯರ ಕಡೆ ನೋಡಿ ನಕ್ಕ. ಮೊದಲು ನಕ್ಕ. ಕರವಸ್ತ್ರ ಕೊಟ್ಟದ್ದು ಆಮೇಲೆ. ಆ ಅನುಕ್ರಮವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಕೆ.ಆರ್. ಪುರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿದೆ. ವಾಪಸು ಬರುವಾಗ ಟಿನ್ ಫ್ಯಾಕ್ಟರಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಆಟೋ ನಿಂತೇ ಇತ್ತು. ಮಗಳು ಹೇಳಿದಳು: "ನಿನಗೆ ಬೇಕಿರೋದು ನಾನು ಚೆನ್ನಾಗಿ ಹೊಡೆಯೋದಲ್ಲಮ್ಮ. ಮಾಮ ಸೋಲೋದು."

"ಎರಡೂ ಬೇಕು."

"ಹಂಗಾದ್ರೆ ನನಗೆ ಆಗೋ ರೈಫಲ್ ಕೊಡ್ಸು. ಮಾಮಂಗೆ ಆಗೋದಲ್ಲ."

ಆ ಮಾತು ನನ್ನ ಸಿಟ್ಟನ್ನು ಇಳಿಸಲಿಲ್ಲ, ಚೂಪು ಮಾಡಿತು. ಮನೆಗೆ ಬಂದು ಅಪ್ಪ ಕಲಿಸಿದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ರೈಫಲ್ಲೂ ಚಪ್ಪಲಿಯಂತೆ, ಊರಿಗೆ ಚೆಂದ ಕಂಡು ಕಾಲಿಗೆ ಕಚ್ಚಿದರೆ ಬಿಸಾಡು ಎನ್ನುತ್ತಿದ್ದರು. ಮೊಣಕೈ ಮಡಚಿದ ಸಂದಿಗೆ ರೈಫಲ್ಲಿನ ಹಿಂಬದಿಯ ಮರ ಒತ್ತಿ ಹಿಡಿದರೆ ಗುಂಡು ಹಾರಿಸುವ ಕುದುರೆ ತೋರುಬೆರಳಿಗೆ ಆರಾಮಾಗಿ ಸಿಗಬೇಕು. ಕಣ್ಣು ಮುಚ್ಚಿ ಭುಜಕ್ಕೇರಿಸಿ ಕಣ್ಣು ತೆರೆದರೆ ನಳಿಗೆಯ ಮೇಲಿನ ಗುರಿಯ ಮೊನೆ ತಾನಾಗಿ ಎದುರಿಗೆ ನಿಂತಿರಬೇಕು. ಕತ್ತು ಹುಡುಕಿಕೊಂಡು ಹೋಗಬಾರದು. ಒದೆಗೆ ಹೆದರಿದವರು ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ, ಹಾಗೆ ಒಮ್ಮೆ ಮುಚ್ಚಿದ ಕಣ್ಣು ವರ್ಷವಾದರೂ ತೆರೆಯುವುದಿಲ್ಲ. ಆದ್ದರಿಂದ ಮೊದಲ ರೈಫಲ್ಲಿನ ಒದೆ ಸಣ್ಣದಿರಬೇಕು. ಮತ್ತೆ, ತೋಟಾ ಸುಲಭವಾಗಿ ಸಿಗಬೇಕು. ವರ್ಷಕ್ಕೆ ನಾಲ್ಕು ಗುಂಡು ಹೊಡೆಯುವ ಕೋವಿ ಗೋಡೆಗೆ ಅಲಂಕಾರ.

ಹೊಲಿಗೆ ಬಿಚ್ಚಿದ ಮೇಲೆ ಅದೇ ಅಂಗಡಿಗೆ ಹೋದೆವು. ಈ ಸಲ ಮಗಳನ್ನು ಮುಂದೆ ಬಿಟ್ಟೆ. ಯಜಮಾನರು ಅವಳ ಹುಬ್ಬು ನೋಡಿ, ಏನೂ ಕೇಳದೆ, ಮೂರು ರೈಫಲ್ ಹೊರಗಿಟ್ಟರು. ಯಾವುದೋ ಎಸ್ಟೇಟಿನಿಂದ ಬಂದ ಹಳೆಯ ವಿದೇಶಿ ಶಿಕಾರಿ ರೈಫಲ್ ಒಂದು. ಕೈಯಲ್ಲಿ ಹೂವಿನಂತಿತ್ತು, ಆದರೆ ಅದರ ತೋಟಾ ಈಗ ಸಿಗುವುದಿಲ್ಲ. ಇನ್ನೊಂದು ಮೊದಲ ಸಲ ನೋಡಿದ್ದ ಥರ್ಟಿ ಆಟ್ ಸಿಕ್ಸ್. ಮೂರನೆಯದು ನಮ್ಮ ದೇಶದಲ್ಲೇ ತಯಾರಾದ, ನಳಿಗೆಯ ಅಳತೆಗೆ ತ್ರೀ ಫಿಫ್ಟೀನ್ ಬೋರ್ ಎನ್ನುವ ಸಾದಾ ರೈಫಲ್. ಒದೆ ಕಡಿಮೆ, ತೋಟಾ ಇಲ್ಲಿಯದೇ. ಆದರೆ ಮರ ಸ್ವಲ್ಪ ಉದ್ದ.

"ಒಂದಿಂಚು ಕೊಯ್ಸಿ ರಬ್ಬರ್ ಹಾಕ್ಸಿಕೊಡ್ತೀರಾ?" ಎಂದು ಮಗಳೇ ಕೇಳಿದಳು.

"ಜರೂರ್, ಬೇಟಿ."

ಮರ ಕೊಯ್ಯಿಸಿದ ಮೇಲೆ ಕಣ್ಣು ಮುಚ್ಚಿ ಎತ್ತಿದಳು, ಕಣ್ಣು ತೆರೆದಳು, ನಕ್ಕಳು. ಸ್ಕೋಪು ಬೇಡ ಎಂದಳು. ನಾನು ಹೂಂ ಎಂದೆ. ಹೊರಗೆ ನೋಡಲು ಅದು ಬಡ ರೈಫಲ್. ಅಣ್ಣನ ಗೆಳೆಯರು ಅದನ್ನು ನೋಡಿ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು, ಅನ್ನಲಿ ಎಂದು ಬಯಸಿದೆ ಕೂಡ.

ದಿನಾ ಸಂಜೆ ನಡುಮನೆಯಲ್ಲಿ, ಮದ್ದಿಲ್ಲದ ಸುಳ್ಳು ತೋಟಾ ಹಾಕಿ, ಗೋಡೆಯ ಕ್ಯಾಲೆಂಡರಿಗೆ ಗುರಿ ಇಟ್ಟು ನಿಂತೇ ಕುದುರೆ ಎಳೆಯುತ್ತಿದ್ದಳು. ನಳಿಗೆಯ ತುದಿ ಅಲ್ಲಾಡಿದರೆ ನಾನು ಪಕ್ಕದಿಂದ "ಅಲ್ಲಾಡ್ತು" ಎನ್ನುತ್ತಿದ್ದೆ. ನನ್ನ ಗಂಡ ಪಾಳಿ ಮುಗಿಸಿ ದೊಡ್ಡನೆಕ್ಕುಂದಿಯಿಂದ ಬಂದು, ಬಾಗಿಲಲ್ಲಿ ನಿಂತು, "ಒಳಗೆ ಬರ್ಬೋದಾ ಗುರುಗಳೇ?" ಎಂದು ಕೇಳಿ ಬರುತ್ತಿದ್ದರು. ಇನ್ನೊಂದು ಕ್ಲಬ್ಬಿನಲ್ಲಿ ನಿಜವಾದ ತೋಟಾ ಹಾಕಿ ಅಭ್ಯಾಸ ಮಾಡಿದಳು. ಮೊದಲ ತಿಂಗಳು ಕಣ್ಣು ಮುಚ್ಚುತ್ತಲೇ ಇದ್ದಳು. ಆಗೆಲ್ಲ ನಾನು ಅಣ್ಣನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಅಣ್ಣನ ಕ್ಲಬ್ಬಿನಲ್ಲಿ ಚಳಿಗಾಲಕ್ಕೊಂದು ಪಂದ್ಯ. ಹೊರಗಿನವರೂ ಬರಬಹುದು. ನೂರು ಮೀಟರಿನಾಚೆ ಹಂದಿಯ ಆಕಾರದ ಕಬ್ಬಿಣದ ತಗಡುಗಳು. ನಿಂತು ಹೊಡೆದು ಬೀಳಿಸಬೇಕು. ಮೇಜಿಲ್ಲ, ಮರಳಿನ ಚೀಲವಿಲ್ಲ. ಮಗಳ ಹೆಸರು ಕೊಟ್ಟೆವು.

ಅಣ್ಣ ಅವಳ ರೈಫಲ್ ನೋಡಿ, "ಇದೇನಮ್ಮ, ಸಿನಿಮಾ ಡಕಾಯಿತರ ಕೋವಿ?" ಎಂದ. ಗೆಳೆಯರು ನಕ್ಕರು. ಮಗಳೂ ನಕ್ಕಳು. ನಾನು ನಗಲಿಲ್ಲ.

ಕೊನೆಯ ಸುತ್ತಿಗೆ ಉಳಿದವರಲ್ಲಿ ಇವರಿಬ್ಬರೂ ಇದ್ದರು. ಅಣ್ಣ ಮೇಜಿನ ಮೇಲಿಟ್ಟು ಹೊಡೆದು ರೂಢಿಯಾದವನು. ಆ ಭಾರದ ರೈಫಲ್ ಎತ್ತಿ ನಿಂತಾಗ ಸ್ಕೋಪಿನೊಳಗೆ ಹಂದಿ ಕುಣಿದಿರಬೇಕು. ಎರಡು ಬೀಳಿಸಿದ. ಮೂರನೆಯದಕ್ಕೆ ಮಣ್ಣು ಎದ್ದಿತು. ನಾಲ್ಕನೆಯದಕ್ಕೂ. ಕೆರೆಯಂಗಳದಲ್ಲಿ ಏಳುತ್ತಿದ್ದ ಅದೇ ಮಣ್ಣು, ಎಂದುಕೊಂಡೆ. ನನ್ನ ಬಾಯಲ್ಲಿ ನೀರೂರಿತು ಎಂದರೆ ಸುಳ್ಳಲ್ಲ.

ಮಗಳು ನಿಂತಳು. ಉಸಿರು ಬಿಟ್ಟಳು. ಟಣ್ ಎಂದಿತು, ತಗಡು ಮಲಗಿತು. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ಅವಳು ಒಂದು ಸಲವೂ ಮಾಮನ ಕಡೆ ನೋಡಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನು ಅವನನ್ನೇ ನೋಡುತ್ತಿದ್ದೆ. ಕೊನೆಯ ಹಂದಿ ಬಿದ್ದಾಗ ಅವನು ಕೈಗಡಿಯಾರ ತಿರುಗಿಸಿಕೊಳ್ಳುತ್ತಾ ನಿಂತಿದ್ದ.

ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನು ಅವನ ಗೆಳೆಯರು ಕೂತಿದ್ದ ಕಡೆ ಹೋಗಿ, ಕೇಳುವಷ್ಟು ಜೋರಾಗಿ ಹೇಳಿದೆ: "ನಮ್ಮಪ್ಪಂದು ಇದೇ ಬೋರಿನ ರೈಫಲ್ ಇತ್ತು ರೀ. ನಿಮ್ಮ ಫ್ರೆಂಡು ಅದನ್ನ ಹಳೇ ಕಬ್ಬಿಣ ಅಂತ ಮಾರ್ಬಿಟ್ರು. ಅಪ್ಪ ಸತ್ತು ಎರಡು ವರ್ಷಕ್ಕೆ." ಈ ಸಲ ಯಾರೂ ನಗಲಿಲ್ಲ. ಒಬ್ಬರು ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡತೊಡಗಿದರು.

ಅಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಸಮಾಧಾನ ಆಯ್ತಾ?"

"ಇನ್ನೂ ಇಲ್ಲ," ಎಂದೆ.

ನಾನು ಎಣಿಸದೇ ಇದ್ದದ್ದು ನಡೆದದ್ದು ಆಮೇಲೆ. ವಾರ ಕಳೆಯುವುದರೊಳಗೆ ಅಣ್ಣ ಮಗಳಿಗೆ ಫೋನ್ ಮಾಡಿ, ನಿಂತು ಹೊಡೆಯುವುದನ್ನು ತೋರಿಸಿಕೊಡು ಎಂದು ಕೇಳಿದ. ಹೋಗಬೇಡ ಎಂದೆ. "ನಿನ್ ಜಗಳ ನಿನ್ದು. ನನಗೆ ಹುಬ್ಬು ವಾಸಿ ಆಯ್ತು," ಎಂದು ಹೋದಳು. ಭಾನುವಾರಗಳಲ್ಲಿ ಈಗ ಇಬ್ಬರೂ ಅಕ್ಕಪಕ್ಕ ನಿಂತು ಹೊಡೆಯುತ್ತಾರೆ. ಅವನು ಸುಧಾರಿಸಿದ್ದಾನಂತೆ. ನನಗೆ ಕೇಳಲೂ ಇಷ್ಟವಿಲ್ಲ.

ಹೋದ ಗೌರಿ ಹಬ್ಬಕ್ಕೆ ಅಣ್ಣ ತಾನೇ ಬಾಗಿನ ಹಿಡಿದು ಬಂದ. ಇಷ್ಟು ವರ್ಷ ಡ್ರೈವರ್ ಕೈಲಿ ಕಳಿಸುತ್ತಿದ್ದವನು. ಸೀರೆ ಮಡಿಲಿಗೆ ಹಾಕಿ, ಬಾಗಿಲಲ್ಲೇ ನಿಂತು, "ಊಟಕ್ಕೆ ಇರ್ಲಾ?" ಎಂದ.

"ಅನ್ನಕ್ಕೆ ಇನ್ನೂ ಇಟ್ಟಿಲ್ಲ," ಎಂದೆ. ಒಳಗೆ ಕುಕ್ಕರ್ ಕೂಗಿತು.

"ಮಾಮಾ, ಬನ್ನಿ, ಎಲೆ ಹಾಕಿದೀನಿ," ಎಂದು ಮಗಳು ಕೂಗಿದಳು.

ಅವನು ಕೂತ. ನಾನೇ ಬಡಿಸಿದೆ, ಹಬ್ಬದ ದಿನ ಬಾಗಿನ ತಂದವನನ್ನು ಉಪವಾಸ ಕಳಿಸುವಷ್ಟು ಕೆಟ್ಟವಳಲ್ಲ ನಾನು. ಕೋಸಂಬರಿ, ಪಲ್ಯ, ಸಾರು, ಬಿಸಿ ಒಬ್ಬಟ್ಟು ಎಲ್ಲ ಬಡಿಸಿದೆ. ತುಪ್ಪ ಮಾತ್ರ ಹಾಕಲಿಲ್ಲ. ಅವನು ಒಂದು ಸಲ ತುಪ್ಪದ ಬಟ್ಟಲಿನ ಕಡೆ ನೋಡಿ, ಕೇಳದೆ, ಒಣ ಒಬ್ಬಟ್ಟನ್ನೇ ಮುರಿದು ತಿಂದ.