ಬೂದಿಯ ಮೇಲಿನ ಹೆಜ್ಜೆ

ಭೂತಪ್ಪಣ್ಣನನ್ನು ಸುಟ್ಟು ಬಂದ ಸಂಜೆಯೇ ಅವರ ಅಣ್ಣ ಯೋಗರಾಜ ಒಲೆಯ ಬೂದಿಯನ್ನು ಜರಡಿ ಹಿಡಿಯಲು ಕೂತರು. ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವರು ಯಾವುದನ್ನು ಬೇಡ ಎಂದು ಹೇಳಿಹೋಗಿದ್ದರೋ ಅದನ್ನೇ ಮಾಡಲು ಹೊರಟಿದ್ದರು ಈ ಮಹಾನುಭಾವರು.

ನಮ್ಮ ಜನರಲ್ಲಿ ಹಾಗೊಂದು ಪದ್ಧತಿ. ಜೀವ ಹೋದ ಜಾಗದಲ್ಲಿ ಬೂದಿ ಹರಡಿ, ದೀಪ ಇಟ್ಟು, ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಬೂದಿಯ ಮೇಲೆ ಯಾವ ಹೆಜ್ಜೆ ಮೂಡಿದೆಯೋ ಸತ್ತವರು ಆ ಜನ್ಮ ಎತ್ತಿದ್ದಾರೆ ಎಂದು ನಂಬಿಕೆ.

ನಾನು ಶ್ಯಾಮಲಾ, ಕಾರ್ಗಲ್ಲಿನಲ್ಲಿ ಅವರ ಪಕ್ಕದ ಮನೆಯವಳು. ಭೂತಪ್ಪಣ್ಣ ಲೈನ್‌ಮನ್ ಆಗಿ ನಿವೃತ್ತರಾದವರು. ಮಾತು ಕಮ್ಮಿ, ಬೀಡಿ ಜಾಸ್ತಿ. ಯಾರ ಮನೆಯ ಫ್ಯೂಸು ಹೋದರೂ ಕರೆಯುವ ಮೊದಲೇ ಬರುತ್ತಿದ್ದ ಮನುಷ್ಯ. ಅವರಿಗೂ ದುರ್ಗಮ್ಮಕ್ಕನಿಗೂ ಇದ್ದದ್ದು ಒಬ್ಬನೇ ಮಗ, ಶಂಭು. ಒಂದನೇ ಕ್ಲಾಸಿನಲ್ಲಿದ್ದಾಗ ಮಂಗನ ಕಾಯಿಲೆ ಬಂದು ತೀರಿಕೊಂಡ.

ಆಗಲೂ ಬೂದಿ ಹರಡಿದ್ದರು. ಬೆಳಿಗ್ಗೆ ನೋಡಿದರೆ ಬೆಕ್ಕಿನ ಹೆಜ್ಜೆ. ಹಂಚಿನ ಸಂದಿಯಿಂದ ಬೆಕ್ಕು ಇಳಿಯದ ಮನೆ ಈ ಊರಲ್ಲಿ ಯಾವುದಿದೆ ಹೇಳಿ! ಆದರೆ ದುರ್ಗಮ್ಮಕ್ಕನಿಗೆ ಅಷ್ಟು ಸಾಕಾಯಿತು. ಅದೇ ವಾರ ಹಿತ್ತಲಿಗೆ ಬಂದ ಬೆಕ್ಕಿನ ಮರಿಯನ್ನು ಎತ್ತಿಕೊಂಡು "ಶಂಭು" ಎಂದರು. ಮಗನ ತಟ್ಟೆಯಲ್ಲೇ ಅದಕ್ಕೆ ಹಾಲನ್ನ, ಮಗನ ಕಂಬಳಿಯಲ್ಲೇ ನಿದ್ದೆ. ಒಂದು ದಿನ ಆ ಬೆಕ್ಕು ಜಲ್ಲಿ ಲಾರಿಗೆ ಸಿಕ್ಕಿತು. ದುರ್ಗಮ್ಮಕ್ಕ ಎದೆ ಬಡಿದುಕೊಂಡು ಅತ್ತರು. "ಮತ್ತೆ ಬೂದಿ ಹರಡ್ರಿ, ಈಗೆಲ್ಲಿಗ್ ಹೋದ ನೋಡ್ಬೇಕು" ಎಂದು ಹಟ ಹಿಡಿದರು.

ಭೂತಪ್ಪಣ್ಣ ಬೂದಿ ತುಂಬಿದ ಮೊರವನ್ನು ಅಂಗಳಕ್ಕೆ ಎಸೆದರು. "ಒಬ್ಬ ಮಗನ್ನ ಎಷ್ಟ್ ಸಲ ಮಣ್ಣು ಮಾಡ್ಲೇ?" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಆ ವರ್ಷವೇ ಅವರು ಶಿವಮೊಗ್ಗಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡರು. ಬೀಡಿ ಬಿಟ್ಟರು. ಜೊತೆಯಲ್ಲಿ ದೀಕ್ಷೆ ಪಡೆದವರು ಮರುಜನ್ಮ ಇಲ್ಲವೇ ಇಲ್ಲ ಎಂದು ವಾದಿಸುತ್ತಿದ್ದರು. ಇವರು ಅಷ್ಟು ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ಒಮ್ಮೆ ಕರೆಂಟು ಹೋಗಿದ್ದಾಗ ನಾನೇ ಕೇಳಿದೆ. ಉರಿಯುತ್ತಿದ್ದ ಮೇಣದಬತ್ತಿಯಿಂದ ಇನ್ನೊಂದನ್ನು ಹಚ್ಚಿದರು.

"ಇದ್ರ ಬೆಂಕಿ ಅದಕ್ಕೆ ಹೋಯ್ತಾ ಶ್ಯಾಮಲಾ? ಹೋಗಿದ್ರೆ ಇದು ಆರ್ಬೇಕಿತ್ತು. ಹೋಗಿಲ್ಲ ಅನ್ನಾಣ ಅಂದ್ರೆ ಅದು ಉರೀತಾ ಇದೆ. ಇಲ್ಲಿಂದ ಅಲ್ಲಿಗೆ ದಾಟಿ ಹೋಗೋ ಶಂಭು ಅಂತ ಒಬ್ಬ ಇಲ್ಲ. ಆಸೆ ಇರೋ ತನಕ ಉರಿ ಮುಂದಕ್ಕೆ ಹತ್ತತಾ ಹೋಗ್ತದೆ. ಆಸೆ ಮುಗುದ್ರೆ ಆರ್ತದೆ. ಬುದ್ಧ ಬಿಡುಗಡೆ ಅಂದಿದ್ದು ಅದನ್ನೇ."

ದುರ್ಗಮ್ಮಕ್ಕ ಕೇಳಿಯೂ ಕೇಳದವರಂತೆ ಎದ್ದು ಹೋದರು. ಹಿತ್ತಲಿಗೆ ಯಾವ ಬೆಕ್ಕು ಬಂದರೂ ಅವರ ಬಾಯಲ್ಲಿ ಅದು ಶಂಭುವೇ. "ಬೆಕ್ಕನ್ನ ಬೆಕ್ಕು ಅನ್ನೇ ಮಾರಾಯ್ತಿ" ಎಂದು ಗಂಡ ಬೇಡಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಎದುರಿಗೇ ಹೆಂಡತಿಯ ಕೈ ಹಿಡಿದು, "ನಂಗೆ ಬೂದಿ ಹರಡ್ಬೇಡ. ನನ್ನನ್ನ ಹುಡುಕ್ಬೇಡ" ಎಂದರು. ದುರ್ಗಮ್ಮಕ್ಕ ಅವರ ಹೊದಿಕೆ ಸರಿಮಾಡಿದರು.

ನನಗೆ ಭಯವಿದ್ದದ್ದು ಅದರದ್ದೇ. ಇನ್ನೊಂದು ಹೆಜ್ಜೆ ಕಂಡರೆ ಈ ಹೆಂಗಸು ಉಳಿದ ಆಯುಷ್ಯವನ್ನೆಲ್ಲ ಅದರ ಹಿಂದೆಯೇ ಕಳೆದುಬಿಡುತ್ತಾರೆ.

"ದೇವ್ರು ಬಿಟ್ಟವ್ನು, ಯಾವ ಪ್ರಾಣಿ ಆಗಿದಾನೋ ನೋಡೇ ಬಿಡಾಣ" ಎಂದು ಯೋಗರಾಜ ಬೂದಿ ಹರಡಿ ಕೋಣೆಗೆ ಚಿಲಕ ಹಾಕಿದರು. ನಾನು ಬೇಡವೆಂದರೆ, "ಇದು ನಮ್ಮನೆ ವಿಷ್ಯ, ನೀನ್ಯಾರೇ?" ಎಂದರು. ದುರ್ಗಮ್ಮಕ್ಕ ಗೋಡೆಗೊರಗಿ ಕೂತೇ ಇದ್ದರು.

ಬೆಳಿಗ್ಗೆ ಜಗಲಿ ತುಂಬ ಜನ. ಚಿಲಕದ ಮೇಲೆ ಯೋಗರಾಜರ ಕೈ. ಅಷ್ಟರಲ್ಲಿ ದುರ್ಗಮ್ಮಕ್ಕ ಬಾವಿಯಿಂದ ತುಂಬಿದ ಕೊಡ ಎತ್ತಿಕೊಂಡು ಬಂದರು. ಎಲ್ಲರೂ ದಾರಿ ಬಿಟ್ಟರು.

"ತೆಗೀರಿ ಭಾವ."

ಬಾಗಿಲು ತೆರೆಯಿತು. ಒಳಗೆ ದೀಪ ಆರಿ ಕತ್ತಲೆಯಾಗಿತ್ತು. ಯೋಗರಾಜ ಮೊಬೈಲಿನ ಟಾರ್ಚಿಗಾಗಿ ತಡಕಾಡುತ್ತಿದ್ದಂತೆಯೇ ದುರ್ಗಮ್ಮಕ್ಕ ಹೊಸ್ತಿಲ ಮೇಲೆ ನಿಂತು ಕೊಡವನ್ನು ಪೂರ್ತಿ ಬಗ್ಗಿಸಿಬಿಟ್ಟರು. ಬೂದಿಯೆಲ್ಲ ಕರಗಿ ನಮ್ಮ ಕಾಲಬುಡಕ್ಕೆ ಹರಿದು ಬಂತು.

"ಏನ್ ಮಾಡ್ದೆ! ಏನ್ ಮಾಡ್ದೆ ನೀನು!" ಯೋಗರಾಜ ಕಿರುಚಿದರು.

"ನೋಡಿದ್ರೆ ಹುಡುಕ್ತೀನಿ ಭಾವ. ನನ್ ಬುದ್ಧಿ ನಂಗೆ ಗೊತ್ತು. ಅವ್ರು ಹೋಗ್ಲಿ ಬಿಡಿ."

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದೆ, "ಅಕ್ಕಾ, ಏನಾದ್ರೂ ಕಂಡ್ತಾ?"

"ಕಣ್ಣು ಮುಚ್ಕೊಂಡಿದ್ದೆ ಕಣೇ."

ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಬೆಕ್ಕು ಕೂಗಿತು. ದುರ್ಗಮ್ಮಕ್ಕ ಶಂಭುವಿನ ಹಳೆಯ ತಟ್ಟೆಯಲ್ಲಿ ಹಾಲು ಹಾಕಿಕೊಂಡು ಹೋದರು. ಮುಗಿಯಿತು, ಮತ್ತೆ ಅದೇ ಕಥೆ ಎಂದುಕೊಂಡೆ. ಅವರು ತಟ್ಟೆ ಇಟ್ಟು ಅದರ ಮುಖವನ್ನೇ ನೋಡುತ್ತ ತುಂಬ ಹೊತ್ತು ನಿಂತರು.

"ಬಾ ಬೆಕ್ಕೇ" ಎಂದರು. "ಹಾಲು ಕುಡಿ."

ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಗಂಡನಿಗಾಗಿಯೂ ಮಗನಿಗಾಗಿಯೂ ಒಟ್ಟಿಗೇ ಅತ್ತರು.