ಸೀಸದ ಗುಂಡಿನ ಅಣ್ಣ

ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಅಂಗಡಿಯವನು ಸೀಸ ಕರಗಿಸುತ್ತಿದ್ದ. ವಾಸನೆ ಬಡಿದದ್ದೇ ತಡ, ಮೂಗಿಗೆ ಸೆರಗು ಹಿಡಿಯಮ್ಮ ಎಂದಳು ಮಗಳು. ನಾನು ಹಿಡಿಯಲಿಲ್ಲ. ಪಕ್ಕದ ಮನೆಯ ಅಣ್ಣ ನೆನಪಾಗಿದ್ದರು...

ಅರವತ್ತರ ದಶಕದ ಮಾತು. ನಾನು ಮದುವೆಯಾಗಿ ಅವರ ಬೀದಿಗೆ ಬಂದಾಗ ಅಣ್ಣ ಪೆಟ್ರೊಮ್ಯಾಕ್ಸ್ ದೀಪ ರಿಪೇರಿ ಮಾಡುತ್ತಿದ್ದರು. ಜೋಳಕ್ಕೆ ಬೀಳುವ ಗಿಣಿ ಓಡಿಸಲು ಯಳಂದೂರು ಕಡೆಯ ಜಮೀನುದಾರರು ಇಟ್ಟುಕೊಂಡಿದ್ದ ಏರ್‌ಗನ್ನುಗಳೂ ಅವರ ಬಳಿಗೇ ಬರುತ್ತಿದ್ದವು. ಪರದೇಶದ ಗುಂಡು ಸಿಗುತ್ತಿರಲಿಲ್ಲ. ಇಲ್ಲಿಯದು ಹಾರಿದರೆ ಎತ್ತ ಹೋಗುತ್ತದೆಂದು ಗಿಣಿಗೂ ಗೊತ್ತಿಲ್ಲ, ಹೊಡೆದವನಿಗೂ ಗೊತ್ತಿಲ್ಲ. ಅದಕ್ಕಿಂತ ಒಳ್ಳೆಯ ಗುಂಡು ತಾವೇ ಮಾಡಬೇಕೆಂಬ ಹುಚ್ಚು ಅಣ್ಣನಿಗೆ ಹಿಡಿಯಿತು.

ಸೊಂಟ ಸಣ್ಣಗೆ, ಹಿಂಭಾಗ ಟೊಳ್ಳಾಗಿ ಅರಳಿದ ಪುಟ್ಟ ಸೀಸದ ಗುಂಡು. ಆ ಹಿಂಭಾಗಕ್ಕೆ ಅವರು ಲಂಗ ಎನ್ನುತ್ತಿದ್ದರು. "ಲಂಗ ಸುಕ್ಕಾದ್ರೆ ಗುರಿ ಓಯ್ತು ಕಣವ್ವ," ಎಂದು ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ನನಗೆ ಪಾಠ ಹೇಳುತ್ತಿದ್ದರು. ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು, ಹಿತ್ತಲ ಗೋಡೆಗೆ ರಟ್ಟು ಸಿಕ್ಕಿಸಿ ಹೊಡೆಯುವುದು, ಅಚ್ಚನ್ನು ಮತ್ತೆ ಅರದಿಂದ ಉಜ್ಜುವುದು... ವರ್ಷಗಟ್ಟಲೆ ಇದೇ.

ಕೊನೆಗೆ ಮೈಸೂರಿನ ಬಂದೂಕಿನ ಅಂಗಡಿಯವರು ಬರುವ ಭಾನುವಾರ ಬಂದು ನೋಡುತ್ತೇವೆಂದು ಹೇಳಿ ಕಳಿಸಿದರು. ಒಪ್ಪಿದರೆ ಅಣ್ಣನಿಗೆ ಗುಂಡಿನ ಕೆಲಸವೇ ಕಸುಬು. ಅಚ್ಚು ಆಗಷ್ಟೇ ಸರಿಹೋಗಿತ್ತು. ಅದರಲ್ಲಿ ಹೊಸದಾಗಿ ಹೊಯ್ಯುವುದೊಂದೇ ಬಾಕಿ.

ಆದರೆ ನನ್ನ ಮನೆಯಲ್ಲಿ ರೇಷ್ಮೆ ಹುಳು ಇದ್ದವು. ಹುಳು ಸಾಕುವವರ ಬೀದಿಯಲ್ಲಿ ಬಸುರಿಗಿಂತ ಹುಳುವಿಗೇ ಮರ್ಯಾದೆ ಜಾಸ್ತಿ. ಪಕ್ಕದವರು ಮೆಣಸಿನಕಾಯಿ ಹುರಿಯುವುದಿದ್ದರೂ ಬಂದು ಕೇಳಬೇಕು. ಹೊಗೆ ತಾಗಿದರೆ ಬೆಳೆ ಹೋಯಿತೆಂದೇ ಲೆಕ್ಕ. ಅಣ್ಣನೂ ಬಾಗಿಲಲ್ಲಿ ನಿಂತು ಕೇಳಿದರು.

"ಜ್ವರ ಎಷ್ಟಾಯ್ತವ್ವ?"

ಹುಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. "ನಾಕ್ನೇ ಜ್ವರ ಎದ್ದವೆ ಅಣ್ಣ. ಗೂಡು ಕಟ್ಟಕೆ ಇನ್ನೊಂದು ವಾರ ಬೇಕು," ಎಂದೆ.

"ಸರಿ ಬುಡು," ಎಂದರು. ಒಲೆ, ಬಾಣಲೆ, ಅಚ್ಚು ಹೊತ್ತು ಕೆರೆ ಏರಿಯ ಕಡೆ ಹೋದರು. ಬಯಲಲ್ಲಿ ಗಾಳಿ. ಅಚ್ಚು ಕಾದಂತೆಲ್ಲ ಆರುತ್ತಿತ್ತಂತೆ. ಸಂಜೆ ತಂದ ಗುಂಡುಗಳ ಲಂಗ ನನ್ನ ಕಣ್ಣಿಗೂ ಸುಕ್ಕಾಗಿ ಕಂಡಿತು.

ಭಾನುವಾರ ನಾನು ಹಿಪ್ಪುನೇರಳೆ ಸೊಪ್ಪು ಹಿಡಿದು ಗೋಡೆಯ ಈಚೆ ನಿಂತಿದ್ದೆ. ಅಣ್ಣ ಹೊಡೆದು ತೋರಿಸಿದ ರಟ್ಟಿನ ತುಂಬ ಚೆಲ್ಲಾಪಿಲ್ಲಿ ತೂತು.

"ಇದೇನಾ ನಿಮ್ಮ ಹೊಸ ಮಾಲು?" ಎಂದರು ಅಂಗಡಿಯವರು.

"ಉಯ್ಯೋವಾಗ ಗಾಳಿ ಜಾಸ್ತಿ ಇತ್ತು ಸಾ."

"ಮನೇಲೇ ಹೊಯ್ಯೋದಕ್ಕೆ ಏನಾಗಿತ್ತು?"

ಅಣ್ಣ ರಟ್ಟನ್ನು ಗೋಡೆಯಿಂದ ಬಿಡಿಸಿಕೊಂಡರು. "ನಂದೇ ತಪ್ಪು ಸಾ," ಎಂದರು. ಹುಳುವಿನ ಮಾತು ಎತ್ತಲಿಲ್ಲ. ಅಂಗಡಿಯವರು ಬಸ್ಸು ಹತ್ತಿ ಹೋದರು. ಅಣ್ಣನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನ್ನ ಬೆಳೆ ಆ ಸಲ ಚೆನ್ನಾಗಿ ಬಂತು. ಗೂಡು ಬಿಡಿಸಿದ ಮೇಲೆ ಅಣ್ಣ ಮನೆಯಲ್ಲೇ ಒಲೆ ಹಚ್ಚಿ ಹೊಸ ಗುಂಡು ಹೊಯ್ದರು, ಹೊಡೆದರು. ಗೋಡೆಯಾಚೆಯಿಂದ ನನ್ನನ್ನು ಕರೆದು ರಟ್ಟು ತೋರಿಸಿದರು. ಅಷ್ಟು ಗುಂಡಿಗೂ ಒಂದೇ ತೂತು! "ನೋಡವ್ವ," ಎಂದರು, ಅಷ್ಟೇ. ನನಗೆ ಅಳು ಬಂತು, ಅದನ್ನು ಮರೆಸಲು ಕೆಮ್ಮಿದೆ. ಮೈಸೂರಿಗೆ ಮತ್ತೆ ಹೇಳಿ ಕಳಿಸಿದರು. ಯಾರೂ ಬರಲಿಲ್ಲ. ಅವರು ಪೆಟ್ರೊಮ್ಯಾಕ್ಸ್‌ಗೇ ಮರಳಿದರು...

ಅಣ್ಣ ಹೋಗಿ ಎಷ್ಟೋ ಕಾಲವಾಯಿತು. ಮಗಳಿಗೆ ಇದನ್ನೆಲ್ಲ ಹೇಳಿದೆ. "ಅಷ್ಟು ಚೆನ್ನಾಗಿತ್ತಾ ಆ ಗುಂಡು?" ಎಂದಳು. ಚೆನ್ನಾಗಿತ್ತು. ಬಂದೂಕು ಮುಟ್ಟಿಯೂ ನೋಡದ ನಾನು ಹೇಳುತ್ತಿದ್ದೇನೆ. ಹೇಳಲು ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ.